ಅಜ್ಜಿಯ ಹೆಸರಿನ ಕಾಯಿಲೆ

ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಅರಸೀಕೆರೆ ಹತ್ತಿರದ ಗಂಡಸಿಯಲ್ಲಿ ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಬೆಳಗಾದರೆ ಹತ್ತು ಜನ ಬಂದು ಹೋಗುವ ಜಾಗ. ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಯಾರದೆಂದು ಒಂದಲ್ಲ ಒಂದು ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಳೆ ಮದುವೆಯಾಗಬೇಕಾದ ಹುಡುಗಿ ಎಂದು ಅಮ್ಮ ಅಳುತ್ತ ಕೂತಿದ್ದಾಗ, ಕಲ್ಲನ್ನೂ ತಿಂದು ಅರಗಿಸಿಕೊಳ್ಳುವಂಥ ನನ್ನ ಅಜ್ಜಿ, ಅಪ್ಪನ ತಾಯಿ, ಎಲೆಅಡಿಕೆ ಮೆಲ್ಲುತ್ತಲೇ ತೀರ್ಮಾನ ಕೊಟ್ಟಳು.

"ನಂಗೆ ಐತೆ ಅಂತ ಹೇಳ್ರಿ. ನನ್ನೇನು ಗಂಡಿನೋರು ನೋಡಾಕೆ ಬರಾಕಿಲ್ಲ."

ಅಂದಿನಿಂದ ಊರಿಗೆಲ್ಲ ಕಾಯಿಲೆ ಅಜ್ಜಿಯದು. ತಿಂಗಳಿಗೊಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಅರಸೀಕೆರೆಯ ಆಸ್ಪತ್ರೆಗೆ ಹೋಗುತ್ತಿದ್ದೆವು. ಚೀಟಿ ನನ್ನ ಹೆಸರಿನಲ್ಲೇ ಇರುತ್ತಿತ್ತು, ಆದರೆ ಹೊರಗೆ ಕೂಗುತ್ತಿದ್ದದ್ದು ನಂಬರ್ ಮಾತ್ರ. ಕೂಗಿದ ಕೂಡಲೇ ಅಜ್ಜಿ ಮೊಣಕಾಲು ಹಿಡಿದುಕೊಂಡು, ಒಂದು ಸಲ ನರಳಿ, ಮೊದಲು ಏಳುತ್ತಿದ್ದಳು. ನಾನು ಅವಳ ಹಿಂದೆ. ಒಳಗೆ ಹೋದ ಮೇಲೆ ಅವಳು ಮೂಲೆಯ ಸ್ಟೂಲಿಗೆ ಸರಿಯುವಳು, ನರ್ಸ್ ನನ್ನ ಬೆರಳು ಚುಚ್ಚುವರು.

ಹೊರಗಿನ ಬೆಂಚಿನ ತುಂಬ ವಯಸ್ಸಾದವರು. ಅಜ್ಜಿಗೆ ಅಲ್ಲಿ ಬಲುಬೇಗ ಗೆಳತಿಯರಾದರು. "ಪಾದ ಜುಮುಜುಮು ಅಂತವೆ ಕಣವ್ವ" ಎಂದು ಇಲ್ಲದ ನೋವನ್ನು ಸೊಗಸಾಗಿ ಹೇಳುತ್ತಿದ್ದಳು. ಅವರು ನನ್ನ ಕಡೆ ತಿರುಗಿ, "ಒಳ್ಳೆ ಹುಡುಗಿ, ಅಜ್ಜೀನ ಜೋಪಾನವಾಗಿ ಕರ್ಕೊಂಡು ಬತ್ತಾಳೆ" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವವಳು ನಾನು, ಸಕ್ಕರೆ ಇಳಿದು ಕ್ಲಾಸಿನಲ್ಲಿ ಬೆವರುವವಳು ನಾನು, ಅಯ್ಯೋ ಪಾಪ ಎನ್ನಿಸಿಕೊಳ್ಳುವವಳು ಮಾತ್ರ ಅವಳು. ಎಲ್ಲೋ ಒಮ್ಮೊಮ್ಮೆ ನನ್ನ ವಯಸ್ಸಿನವರು ಕಂಡರೆ, ಅವರ ಪಕ್ಕದಲ್ಲೂ ಒಬ್ಬ ಅಜ್ಜಿ ಇರುತ್ತಿದ್ದಳು. ನಿಜವಾಗಿ ಕರೆತಂದವರೋ ನನ್ನ ಹಾಗೋ, ಕೇಳುವಂತಿರಲಿಲ್ಲ.

ಮದುವೆ ಮನೆಗಳಲ್ಲಿ ಒಬ್ಬಟ್ಟು ಬಡಿಸಲು ಬಂದರೆ ಅಜ್ಜಿ ಎಲೆಗೆ ಕೈ ಅಡ್ಡ ಹಿಡಿದು, "ಬ್ಯಾಡ ಕಣಪ್ಪ, ಸಕ್ಕರೆ" ಎನ್ನುತ್ತಿದ್ದಳು. ಹಬ್ಬದ ದಿನ ನಮ್ಮ ಮನೆಯಲ್ಲಿ ಮುಂಬಾಗಿಲು ಹಾಕಿ, ತುಪ್ಪ ಸುರಿದುಕೊಂಡು ಎರಡು ತಿನ್ನುವಳು. ನಾನು ದುರುಗುಟ್ಟಿ ನೋಡುತ್ತಿದ್ದೆ. ನನಗೆ ಸಕ್ಕರೆ ಇಳಿದರೆ ಬಾಯಿಗೆ ಹಾಕಲೆಂದು ಅವಳ ಸೆರಗಿನ ಗಂಟಿನಲ್ಲಿ ಸದಾ ಬೆಲ್ಲದ ಚೂರು ಇರುತ್ತಿದ್ದದ್ದು ಆಗ ನನಗೆ ದೊಡ್ಡದೆನಿಸಿರಲಿಲ್ಲ.

ಹೋದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ "ಸಕ್ಕರೆ ಕಾಯಿಲೇನೇ ತಿಂದಾಕ್ತು" ಎಂದರು. ಕೇಳಿಸಿಕೊಳ್ಳುತ್ತ ನಿಂತಿದ್ದ ನನಗೆ ಭಯವಾಯಿತು. ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಕಾಯಿಲೆಯನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದವಳೇ ಹೋಗಿದ್ದಳು.

ಹನ್ನೊಂದನೇ ದಿನ ಶಿವಗಣಾರಾಧನೆಯ ಊಟ ಮುಗಿದ ಮೇಲೆ, ಅಪ್ಪನ ತಂಗಿ ಉಳಿದ ಒಬ್ಬಟ್ಟು ಇಡಲು ಫ್ರಿಜ್ ತೆಗೆದರು. ಇನ್ಸುಲಿನ್ ಡಬ್ಬಿ ಕೈಗೆ ಸಿಕ್ಕಿತು.

"ಇನ್ಯಾರಿಗೆ ಇದು? ನಮ್ಮ ಪಕ್ಕದ್ಮನೆಯೋರಿಗೂ ಐತೆ, ಕೊಡ್ತೀನಿ."

ನಾಲ್ಕಾರು ನೆಂಟರು ಅಲ್ಲೇ ಕೂತಿದ್ದರು. ಅಮ್ಮ ಕಣ್ಣಲ್ಲೇ ಸುಮ್ಮನಿರು ಎಂದಳು. ನಾಳೆ ಹೊಸದು ತರಬಹುದಿತ್ತು. ಆದರೆ ಸಂಜೆಗೆ ಏನು ಮಾಡಲಿ? ನಾಳೆ ತಂದದ್ದನ್ನಾದರೂ ಯಾರದೆಂದು ಹೇಳಲಿ?

"ಅತ್ತೆ, ಅದು ನಂದು. ಅಜ್ಜಿಗೆ ಏನೂ ಇರ್ಲಿಲ್ಲ."

ಅತ್ತೆ ಡಬ್ಬಿ ಹಿಡಿದುಕೊಂಡೇ ನೆಲಕ್ಕೆ ಕೂತರು.

"ನನ್ ಮಗಳ ಮದ್ವೇಲಿ ಒಂದೇ ಒಂದು ತುಂಡು ತಿನ್ನವ್ವ ಅಂತ ಗೋಗರೆದಿದ್ನಲ್ಲೇ" ಎಂದು ಅತ್ತರು. ನನ್ನನ್ನು ಏನೂ ಕೇಳಲಿಲ್ಲ. ನೆಂಟರು ನನ್ನ ಮುಖ ನೋಡಿದರು, ಆಮೇಲೆ ಅಮ್ಮನ ಮುಖ.

ಮುಂದಿನ ತಿಂಗಳು ಆಸ್ಪತ್ರೆಗೆ ಒಬ್ಬಳೇ ಹೋದೆ. ಅಮ್ಮ ಬರುತ್ತೇನೆಂದಳು, ನಾನೇ ಬೇಡವೆಂದೆ. ಬೆಂಚಿನಲ್ಲಿ ಪಕ್ಕದಲ್ಲಿದ್ದ ಹೆಂಗಸು, "ಯಾರನ್ನ ಕರ್ಕೊಂಡು ಬಂದಿದ್ಯವ್ವ?" ಎಂದಳು.

"ನಂಗೇ ತೋರಿಸಾಕೆ" ಎಂದೆ.

ಅಯ್ಯೋ ಪಾಪ ಎಂದಳು. ಇಷ್ಟು ವರ್ಷ ನನಗೆ ಬೇಕೆಂದಿದ್ದ ಮಾತು ಕೊನೆಗೂ ಸಿಕ್ಕಿತು, ಅದರಿಂದ ಏನೂ ಆಗಲಿಲ್ಲ. ಅಷ್ಟರಲ್ಲಿ ನನ್ನ ನಂಬರ್ ಕೂಗಿದರು. ಅಜ್ಜಿ ಮೊದಲು ಏಳಲಿ ಎಂದು ಕೂತೇ ಇದ್ದೆ. ಎರಡನೇ ಸಲ ಕೂಗಿದಾಗ ಎದ್ದೆ.