ಮಂಜ್ಯಾನ ಸ್ಟಿಕ್ಕರುಗಳು

ಮಂಜುನಾಥ ನಕ್ಕರೆ ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ದನಿ ಬರುತ್ತಿತ್ತು. ಸವಣೂರಿನ ನಮ್ಮ ಹತ್ತನೇ ತರಗತಿಯಲ್ಲಿ ಆ ಭುಜ ಕುಣಿಯಿತೆಂದರೆ ಯಾರದೋ ಮಾನ ಹೋಯಿತೆಂದೇ ಅರ್ಥ. ಶಾಲೆಗೆ ಕದ್ದು ತಂದ ಫೋನಿನಲ್ಲಿ ಫೋಟೊ ಹೊಡೆದು, ಸಂಜೆಯೊಳಗೆ ಸ್ಟಿಕ್ಕರ್ ಮಾಡಿ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಬಿಡುತ್ತಿದ್ದ.

ನಾನು ಸಮಾಜದ ತಾಸಿನಲ್ಲಿ ಬಾಯಿ ತೆರೆದು ನಿದ್ದೆಹೋದದ್ದೇ ತಪ್ಪಾಯಿತು. ಆ ಬಾಯಿಯೊಳಗೆ ಒಂದು ಎಮ್ಮೆ ಹೊಗಿಸಿದ. ಶುಭೋದಯಕ್ಕೂ ಅದೇ, ಹುಟ್ಟುಹಬ್ಬಕ್ಕೂ ಅದೇ. ಜೀವದ ಗೆಳತಿ ಶಬಾನಾ ಕೂಡ ಕಳಿಸಿದಳು. ಕೇಳಿದರೆ, “ನಾ ಕಳಿಸ್ಲಿಲ್ಲಂದ್ರ ನಾಳೆ ನಂದ ಬರ್ತೈತಿ, ಏನ್ ಮಾಡ್ಲಿ?” ಎಂದಳು. ತಿಂಗಳುಗಟ್ಟಲೆ ನಾನು ಶಾಲೆಯಲ್ಲಿ ಊಟದ ಡಬ್ಬಿ ತೆರೆಯಲಿಲ್ಲ.

“ಯಾಕೋ ಹಿಂಗ ಮಾಡ್ತಿ?” ಎಂದು ಒಮ್ಮೆ ಅವನನ್ನೇ ತಡೆದೆ.

“ಫೋನಿನ್ಯಾಗ ನೀ ಅಳೂದು ಕಾಣ್ಸೂದಿಲ್ಲಬೇ. ಮಂದಿ ನಗೂದಷ್ಟ ಕಾಣ್ತೈತಿ,” ಎಂದ.

ನಿನಗೂ ಒಂದು ದಿನ ಬರುತ್ತದೆ ಮಗನೇ ಎಂದು ಹಲ್ಲು ಕಡಿದೆ.

ಬಂತು. ಬಸುರಿ ಅಕ್ಕನ ಕುಬಸಕ್ಕೆ ವೀಳ್ಯದೆಲೆ ತರಲು ಅವ್ವನ ಜೊತೆ ಪೇಟೆಗೆ ಹೋಗಿದ್ದೆ. ಅಲ್ಲಿ ಮಂಜ್ಯಾನ ಅಪ್ಪನ ಎಲೆ ಅಂಗಡಿ. ಮಂಜ್ಯಾ ತೊಟ್ಟುಗಳನ್ನು ಅತ್ತೊಂದು ಇತ್ತೊಂದು ಮಾಡಿ ಎಲೆಯ ಕಟ್ಟು ಕಟ್ಟಿದ್ದನಂತೆ. ಅಪ್ಪ ಅವನ ತಲೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಕಿವಿ ಹಿಡಿಸಿ ನಿಲ್ಲಿಸಿದ್ದ. “ನೋಡ್ರಿಪಾ, ನನ್ನ ಹೊಟ್ಟೀಲೆ ಹುಟ್ಟಿದ ಕತ್ತೆ! ತೊಟ್ಟು ಯಾವುದು, ತುದಿ ಯಾವುದು ತಿಳಿಯೂದಿಲ್ಲ!” ಸುತ್ತಲಿನವರು ನಕ್ಕರು. ಅಪ್ಪನ ಭುಜವೂ ಮೊದಲು ಕುಣಿಯಿತು, ಆಮೇಲೆ ದನಿ ಬಂತು.

ಈ ಹುಡುಗ ನಗುವುದನ್ನು ಎಲ್ಲಿ ಕಲಿತನೆಂದು ನನಗೆ ಆಗಲೇ ತಿಳಿಯಿತು. ತಿಳಿದ ಮೇಲೂ ಅವ್ವನ ಫೋನ್ ಎತ್ತಿ ವಿಡಿಯೊ ಮಾಡಿದೆ.

ಅಂದೇ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಹತ್ತು ಬಗೆಯ ಸ್ಟಿಕ್ಕರುಗಳಾದವು; ಮೊದಲನೆಯದು ಶಬಾನಾಳದು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಹೋಳಿಗೆ ಉಂಡಷ್ಟು ಸಮಾಧಾನವಾಯಿತು. ಸೋಮವಾರ ಶಾಲೆಯಲ್ಲಿ ಡಬ್ಬಿ ತೆರೆದು ಎಲ್ಲರ ನಡುವೆ ಕೂತು ಉಂಡೆ. ಮಂಜ್ಯಾ ಅಂದು ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ.

ಅಕ್ಕನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಮತ್ತೆ ಎಲೆ ಬೇಕಾಯಿತು. ಅಂಗಡಿಯಲ್ಲಿ ಅವನೇ ಕೂತಿದ್ದ. ನನ್ನ ಮುಖ ನೋಡದೆ ಎಲೆ ಕಟ್ಟಿದ.

“ಮರುಪರೀಕ್ಷೆಗೆ ಫೀ ಕಟ್ಟೋ. ಆ ವಿಡಿಯೊ ಅಳಿಸೇನಿ,” ಎಂದೆ.

“ನೀ ಅಳಿಸಿದ್ರ ಏನಾತು?” ಎಂದ ಮೆಲ್ಲಗೆ. “ಅಪ್ಪನ ಫೋನಿಗೂ ಬಂದೈತಿ. ಬಂದ ಗಿರಾಕಿಗೆಲ್ಲ ತೋರಿಸ್ತಾನ.”

ಮಂಜ್ಯಾನ ಮೇಲಿನ ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಆ ಅಂಗಡಿಗೆ ನಾನು ಮತ್ತೆ ಹೋಗಿಲ್ಲ.