ಹುಮನಾಬಾದಿನಲ್ಲಿ ಉಳಿದ ಎರಡು ಸೆಕೆಂಡು

ಬಸವಕಲ್ಯಾಣದ ಬಸ್ ನಿಲ್ದಾಣದ ಪಕ್ಕದಲ್ಲಿ ಬಸವಣಪ್ಪನದೊಂದು ಗಡಿಯಾರ ರಿಪೇರಿ ಅಂಗಡಿ. ಈಗ ಗಡಿಯಾರ ಕಟ್ಟುವವರೇ ಕಡಿಮೆ, ಅಂಗಡಿ ತುಂಬ ಮೊಬೈಲ್ ಕವರುಗಳು ಜೋತಾಡುತ್ತವೆ. ಆದರೂ ಆತ ಬೆಳಗಾದರೆ ಕಣ್ಣಿಗೆ ಒಂಟಿ ಗಾಜು ಸಿಕ್ಕಿಸಿಕೊಂಡೇ ಕೂರುತ್ತಾನೆ, ಕವರು ಮಾರುವುದಕ್ಕೂ ಅದು ಬೇಕೇನೋ ಎಂಬಂತೆ. ಹೊತ್ತಿನ ವಿಷಯದಲ್ಲಿ ಬಸವಣಪ್ಪ ತಪ್ಪುವವನಲ್ಲ ಎಂದು ಊರೆಲ್ಲ ನಂಬಿತ್ತು. ಪಾಪ, ಆ ನಂಬಿಕೆಯೇ ಅವನ ಕುತ್ತಿಗೆಗೆ ಬಂತು.

ಹದಿನೆಂಟು ವರ್ಷದ ಹಿಂದೆ ಹುಮನಾಬಾದಿನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆದಿತ್ತು. ಐದು ವರ್ಷ ಸತತವಾಗಿ ಗೆದ್ದಿದ್ದ ಹುಮನಾಬಾದ್ ತಂಡಕ್ಕೆ ಪ್ಲೇ-ಆಫ್‌ನಲ್ಲಿ ಎದುರು ನಿಂತವರು ಕಲ್ಯಾಣದ ಹುಡುಗರು. ಮಣ್ಣಿನ ಅಂಗಳದಲ್ಲಿ ಆಡಿ ಬೆಳೆದವರು, ಆರು ಮಂದಿಯಲ್ಲಿ ನಾಲ್ವರಿಗೆ ಮಾತ್ರ ನೆಟ್ಟಗಿನ ಬೂಟು. ಮರ್ಯಾದೆ ಉಳಿಸಿಕೊಂಡು ಬಂದರೆ ಸಾಕು ಎಂದೇ ನಮ್ಮವರೂ ಹೋಗಿದ್ದರು. ಆದರೆ ಕೊನೆಯ ಹತ್ತು ಸೆಕೆಂಡಿಗೆ ಅಂತರ ಒಂದೇ ಒಂದು ಅಂಕ, ಚೆಂಡು ಫಾಜಿಲನ ಕೈಯಲ್ಲಿ. ಎಸೆಯಲೆಂದು ಅವನು ಕೈ ಎತ್ತಿದ, ಅಷ್ಟರಲ್ಲಿ ಗಂಟೆ ಬಡಿಯಿತು. ಸೋತರು. ಮರುವರ್ಷವೇ ಫಾಜಿಲ್ ಕಾಮಾಲೆಯಿಂದ ತೀರಿಕೊಂಡ.

ಆ ಸೋಲನ್ನು ಕಲ್ಯಾಣದವರು ಗೆಲುವಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಪ್ರತಿ ವರ್ಷ ಅದೇ ದಿನ, ಮಧ್ಯಾಹ್ನದ ಹೊತ್ತು, ಅಂದಿನ ಅಭಿಮಾನಿಗಳು ಫಾಜಿಲನ ತಾಯಿ ಹಜಿರಾ ಬೀ ಮನೆಯಂಗಳದಲ್ಲಿ ಸೇರುತ್ತಾರೆ. ಮುದುಕಿಗೆ ಈಗ ಕಣ್ಣು ಕಾಣುವುದಿಲ್ಲ. ಅಲ್ಲಿ ಒಂದು ಕಟ್ಟಳೆ ಇದೆ. ಯಾರು ಎಲ್ಲಿ ಕೂತು ನೋಡಿದ್ದರೋ ಅಲ್ಲಿಂದ ಕಂಡಷ್ಟನ್ನೇ ಹೇಳಬೇಕು, ಒಂದಕ್ಷರ ಸೇರಿಸುವಂತಿಲ್ಲ. ಕೊಹಿನೂರಿನ ನರಸಿಂಗ ಟೆಂಪೋ ಮೇಲಿಂದ ಕಂಡದ್ದನ್ನು ಹೇಳುತ್ತಾನೆ. ಮುಡಬಿಯ ದ್ರೌಪತಿ ಚೆಂಡು ಹಾಕುವ ಬುಟ್ಟಿಯ ಕೆಳಗೆ ನಿಂತು ಕಂಡದ್ದನ್ನು ಹೇಳುತ್ತಾಳೆ. ಅವತ್ತು ಗಂಟೆ ಹೊಡೆದಿದ್ದ ಬಸವಣಪ್ಪನ ಪಾಳಿ ಕೊನೆಗೆ. "ಟೈಮ್ ಆಗಿತ್ರಿ, ಹೊಡದೆ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾನೆ. ಆಮೇಲೆ ಎಲ್ಲರೂ ಕೂಡಿ ಆ ಕೊನೆಯ ಹತ್ತು ಸೆಕೆಂಡುಗಳನ್ನು ಎಣಿಸುತ್ತಾರೆ.

ಆದರೆ ಟೈಮ್ ಆಗಿರಲಿಲ್ಲ. ಅವತ್ತು ಕರೆಂಟು ಹೋಗಿ ಮೈದಾನದ ಗಡಿಯಾರ ನಿಂತಾಗ, ಎರಡೂ ಊರಿನವರು ಒಪ್ಪಿ ಬಸವಣಪ್ಪನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಗಂಟೆಯಂತೆ ಬಡಿಯಲು ಜೋತುಬಿಟ್ಟ ರೈಲು ಹಳಿಯ ತುಂಡಿನ ಪಕ್ಕ ಸುತ್ತಿಗೆ ಹಿಡಿಸಿ ಕೂರಿಸಿದ್ದರು. ಬೆನ್ನ ಹಿಂದೆ ಹುಮನಾಬಾದಿನ ಜನ ಅವನ ಕೈಯನ್ನೇ ನೋಡುತ್ತ ನಿಂತಿದ್ದರು. ತನ್ನೂರಿನವರಿಗೆಂದು ಹೊತ್ತು ಎಳೆದ ಅಂದುಬಿಟ್ಟರೆ ಎಂಬ ಅಂಜಿಕೆಯಲ್ಲಿ, ಇನ್ನೂ ಎರಡು ಸೆಕೆಂಡು ಇರುವಾಗಲೇ ಹೊಡೆದುಬಿಟ್ಟ. ಪ್ರಾಮಾಣಿಕ ಅನ್ನಿಸಿಕೊಳ್ಳುವ ಹಟಕ್ಕೆ ಬಿದ್ದು ಮಾಡಿದ ಮೋಸ. ಹೆಂಡತಿ ಶಕುಂತಲಾಬಾಯಿಗೂ ಇದನ್ನು ಹೇಳಿರಲಿಲ್ಲ.

ಹೇಳದೆ ಇರಬಹುದಿತ್ತು. ಆದರೆ ಅಂಗಳದ ಎಣಿಕೆ ಬಿಡಲಿಲ್ಲ. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಬಂದ ಅಷ್ಟೂ ದನಿಗಳು ಮೂರಕ್ಕೆ ಬಂದು ಒಟ್ಟಿಗೆ ನಿಂತುಬಿಡುತ್ತಿದ್ದವು. ಯಾರೂ ಹಾಗೆಂದು ಮಾತಾಡಿಕೊಂಡಿರಲಿಲ್ಲ. ಮೂರನೇ ವರ್ಷ ಬಸವಣಪ್ಪನ ಮೈ ಜುಮ್ಮೆಂದಿತು. ಒಮ್ಮೆ ತಡೆಯಲಾರದೆ ನರಸಿಂಗನನ್ನು ಕೇಳಿದ, "ಮೂರಕ್ಕ ಯಾಕ ನಿಲ್ಲಸ್ತೀರಿ?"

ನರಸಿಂಗ ಅವನ ಮುಖ ನೋಡಿದ. "ಎಲ್ಲಿ ನಿಲ್ಲಸ್ತೀವ್ರಿ? ಒಂದರ ಮಟ ಪೂರಾ ಎಣಸ್ತೀವಲ್ಲ."

ಈ ವರ್ಷವೂ ಹಾಗೆಯೇ ಆಯಿತು. ಮೂರು ಎಂದ ಮೇಲೆ ಅಂಗಳ ಗಪ್ಪಾಯಿತು. ನೆತ್ತಿಯ ಮೇಲೆ ಬಿಸಿಲು, ಬೇವಿನ ಗಿಡದಲ್ಲಿ ಎಲೆ ಅಲುಗುತ್ತಿರಲಿಲ್ಲ.

"ಇನ್ನಾ ಎರಡು ಸೆಕೆಂಡ್ ಇದ್ವು. ನಾ ಅಂಜಿ ಮೊದಲೇ ಹೊಡದೆ," ಎಂದ ಬಸವಣಪ್ಪ. ಹೇಳುತ್ತಲೇ ಅತ್ತುಬಿಟ್ಟ.

ನರಸಿಂಗನ ಮುಖ ಕೆಂಪಾಯಿತು. ಹಜಿರಾ ಬೀಗೆ ಮಾತ್ರ ಸಿಟ್ಟು ಬರಲಿಲ್ಲ.

"ಅದಕ್ಕೇ ಅಂವ ಚೆಂಡು ಒಗಿಯೂದಿಲ್ಲ," ಎಂದಳು ಮೆಲ್ಲಗೆ.

"ಯಾರ್ರೀ?"

"ನನ್ನ ಫಾಜಿಲ್. ನೀವು ಎಣಸಾಕ ಶುರು ಮಾಡಿದ್ರ ಬರ್ತಾನ. ಬೇವಿನ ಗಿಡದ ಕಡಿ ನಿಂದರ್ತಾನ. ಆಡಿ ದಣದವನ ಉಸಿರು ಕೇಳ್ತದ ನನಗ. ಸಂಜಿ ಮಟ ಇದ್ದು ಹೋಗ್ತಾನ. ಈಗೂ ಅಲ್ಲೇ ಅದಾನ. ಉಳದದ್ದು ಎಣಸಿಬಿಡು, ಬಸವಣಪ್ಪಾ."

ದ್ರೌಪತಿ ಬಸವಣಪ್ಪನ ಮೊಣಕೈ ಮುಟ್ಟಿದಳು. "ಎರಡು," ಎಂದ. ತಡೆದು, "ಒಂದು," ಎಂದ.

ಹಜಿರಾ ಬೀಯ ಕುರುಡು ಮುಖ ನಿಧಾನಕ್ಕೆ ಮೇಲೆದ್ದಿತು, ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿತು, ಕೆಳಗಿಳಿಯಿತು. ಗೋಡೆಯಾಚೆ ಏನೋ ಒಮ್ಮೆ ನೆಲಕ್ಕೆ ಪುಟಿದ ಸದ್ದು ಎಲ್ಲರಿಗೂ ಕೇಳಿಸಿತು. ಎದ್ದು ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

"ಬಿತ್ತೇನ್ರೀ?" ನರಸಿಂಗ ಕೇಳಿದ.

"ಇಲ್ಲಪ್ಪಾ. ಬುಟ್ಟಿ ಕಬ್ಬಿಣಕ್ಕ ತಾಕಿ ಹೊರಗ ಹೋತು."

ಬಸವಣಪ್ಪನಿಗೆ ನಾಚಿಕೆಯಾಗುವಷ್ಟು ಸಮಾಧಾನವಾಯಿತು. ಹೇಗೂ ಸೋಲುವ ಪಂದ್ಯವೇ, ತಾನು ಯಾರ ಗೆಲುವನ್ನೂ ಕದ್ದಿಲ್ಲ. ಆ ರಾತ್ರಿ ಶಕುಂತಲಾಬಾಯಿಗೆ ಎಲ್ಲ ಹೇಳಿ, ಹೊಟ್ಟೆ ತುಂಬ ಉಂಡು, ಬಹಳ ವರ್ಷಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದ.

ಎಂಟು ದಿನಕ್ಕೆ ಹಜಿರಾ ಬೀ ಹೇಳಿ ಕಳಿಸಿದಳು. ಹೋದರೆ ಒಬ್ಬಳೇ ಬೇವಿನ ಗಿಡದ ಕಡೆ ಮುಖ ಮಾಡಿ ಕೂತಿದ್ದಳು.

"ಇನ್ನೊಮ್ಮೆ ಎಣಸು," ಎಂದಳು.

ಎಣಿಸಿದ. ಈ ಸಲ ಎಲ್ಲಿಯೂ ತಡೆಯಾಗಲಿಲ್ಲ. ಹತ್ತರಿಂದ ಒಂದರವರೆಗೆ ಸರಾಗವಾಗಿ ಇಳಿದುಹೋಯಿತು. ಅವಳು ಉಸಿರು ಹಿಡಿದು ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು.

"ಬರಲಿಲ್ಲ," ಎಂದಳು. "ಚೆಂಡು ಒಗದ ಮ್ಯಾಲ ಯಾಕ ಬರ್ತಾನ? ಅಂವನ ಆಟ ಮುಗೀತು."

ಅವಳು ತಡವರಿಸಿ ಬಸವಣಪ್ಪನ ಕೈ ಹಿಡಿದುಕೊಂಡಳು.

"ನೀ ಒಳ್ಳೇವನೇ ಅದಿ. ಆದ್ರ ಆ ಎರಡು ಸೆಕೆಂಡ್ ನಾ ಸಾಯೂ ಮಟ ನಿನ್ನ ಹತ್ರನೇ ಇಟ್ಕೋಬೇಕಾಗಿತ್ತು."