ಮೂರನೆಯ ಕೂಗು

ದೆವ್ವ, ಭೂತ, ಗಾಳಿ ಸೋಕುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಂಬಿದ್ದವಳು ನಾನು. ಈಗಲೂ ಹೆಚ್ಚುಕಡಿಮೆ ಹಾಗೆಯೇ ಅನ್ನಿ. ಯಾರಾದರೂ ಅಂಥ ಕತೆ ಶುರು ಮಾಡಿದರೆ ಒಲೆಯ ಮೇಲಿನ ಹಾಲು ನೋಡುವ ನೆವದಲ್ಲಿ ಎದ್ದು ಹೋಗುತ್ತೇನೆ. ಆದರೂ ನನ್ನ ಬದುಕಿನಲ್ಲೇ ಒಂದು ಸಂಗತಿ ನಡೆದುಹೋಗಿದೆ. ಅದಕ್ಕೆ ಏನೆನ್ನಬೇಕೆಂದು ಇಷ್ಟು ವರ್ಷವಾದರೂ ತಿಳಿದಿಲ್ಲ. ಓದುವವರು ನಗುವುದಾದರೆ ನಗಲಿ, ಇನ್ನೊಬ್ಬರ ಬಾಯಲ್ಲಿ ಕೇಳಿದ್ದರೆ ನಾನೂ ನಗುತ್ತಿದ್ದೆ. ಅದು ನಡೆದದ್ದು ಅಮಾವಾಸ್ಯೆಯ ರಾತ್ರಿ ಹುಣಸೆಮರದ ಕೆಳಗಲ್ಲ, ಹಾಡಹಗಲು, ದಾವಣಗೆರೆಯ ಒಂದು ಕೋರ್ಟಿನ ಜಗಲಿಯ ಮೇಲೆ.

ಹೊಸ ಪೈಸೆಗಳು ಬಂದು, ಜನ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲ. ನಾನು ದಾವಣಗೆರೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ಮನೆ ಶಾಮನೂರಿನಲ್ಲಿ. ಮನೆಯಲ್ಲಿದ್ದವರು ಅವ್ವ, ನಾನು, ಮತ್ತು ನನ್ನ ಅಕ್ಕನ ಮಗಳು ಸರೋಜ. ಅಕ್ಕ ಗಂಗಮ್ಮ ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ಅಪ್ಪ ಮಲ್ಲಪ್ಪ ಅವಳಿಗಿಂತ ಮುಂಚೆಯೇ ಹೋಗಿದ್ದ.

ಅಕ್ಕನನ್ನು ನಂದಿಗುಡಿಗೆ ಕೊಟ್ಟಿತ್ತು. ಗಂಡ ಈರಪ್ಪ ಇನ್ನೊಬ್ಬಳನ್ನು ಮನೆ ತುಂಬಿಸಿಕೊಂಡ ದಿನ ಅಕ್ಕ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ತವರಿಗೆ ಬಂದುಬಿಟ್ಟಳು. ಜೀವನಾಂಶಕ್ಕೆ ದಾವೆ ಹಾಕಿದಳು. ಅದು ರಾಜಿಯಲ್ಲಿ ಮುಗಿಯಿತು. ಅವನು ಏನೂ ಕೊಡುವುದು ಬೇಡ, ಮಗಳನ್ನು ಕೇಳಿಕೊಂಡು ಬರುವುದೂ ಬೇಡ. ಮಗು ತಾಯಿಯ ಹತ್ತಿರ, ತಾಯಿಗೇನಾದರೂ ಆದರೆ ತಾಯಿಯ ತವರಿನಲ್ಲಿ ಬೆಳೆಯತಕ್ಕದ್ದು. ಹೀಗೆಂದು ಕೋರ್ಟು ಬರೆದುಕೊಟ್ಟಿತ್ತು.

ಅಕ್ಕ ಸತ್ತ ಮೇಲೆ ಈರಪ್ಪನಿಗೆ ಇದ್ದಕ್ಕಿದ್ದಂತೆ ಮಗಳ ಮೇಲೆ ಪ್ರೀತಿ ಉಕ್ಕಿತು. ಉಕ್ಕಲು ಕಾರಣವಿತ್ತು. ಎರಡನೆಯ ಹೆಂಡತಿಯ ತಮ್ಮನಿಗೆ ಎಲ್ಲೂ ಹೆಣ್ಣು ಸಿಕ್ಕಿರಲಿಲ್ಲ. ಸರೋಜ ಆಗಿನ್ನೂ ಮಿಡ್ಲ್ ಸ್ಕೂಲಿನ ಹುಡುಗಿ, ರಾತ್ರಿ ಅಜ್ಜಿಯ ಸೆರಗು ಹಿಡಿದುಕೊಂಡೇ ಮಲಗುವವಳು. ಎರಡೂ ಊರಿನ ಹಿರಿಯರು ಕೂತು ತೀರ್ಮಾನ ಹೇಳಿದರು: "ಕೋರ್ಟಿನ ಕಾಗದ ಐತಿ ಅಂತೀರಿ. ತೋರಿಸ್ರಿ, ಹುಡುಗಿ ನಿಮ್ಮಲ್ಲೇ ಇರ್ಲಿ. ಇಲ್ಲಾಂದ್ರೆ ತಂದಿ ಮಾತೇ ಮಾತು." ದೀಪಾವಳಿ ಕಳೆದ ಮೇಲಿನ ಭಾನುವಾರದ ತನಕ ನಮಗೆ ಗಡುವು. ಅಪ್ಪನ ಮರದ ಪೆಟ್ಟಿಗೆ ತೆಗೆದು ನೋಡಿದರೆ ಕಾಗದದ ಜಾಗದಲ್ಲಿ ಗೆದ್ದಲುಮಣ್ಣು ಇತ್ತು. ದಾವೆ ನಡೆಸಿದ್ದ ವಕೀಲರು ತೀರಿಕೊಂಡಿದ್ದರು, ಅವರ ಮಗ ಹಳೆಯ ಕಟ್ಟುಗಳನ್ನೆಲ್ಲ ರದ್ದಿಗೆ ಹಾಕಿದ್ದ. ಉಳಿದ ದಾರಿ ಒಂದೇ, ಕೋರ್ಟಿನಿಂದ ನಕಲು ತೆಗೆಸುವುದು.

ಇಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಕಚೇರಿಯ ಹೆಸರು ಹೇಳುವುದಿಲ್ಲ, ಎಲ್ಲ ಕಚೇರಿಗಳೂ ಒಂದೇ ತಾಯಿಯ ಮಕ್ಕಳು. ನಕಲು ಕೊಡುವ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ದಾವೆ ನಂಬರ್ ಐತೇನ್ರಿ?" ಎಂದರು. ಇಲ್ಲ ಎಂದೆ. "ನಂಬರ್ ಇಲ್ದ ಕಡತ ಹೆಂಗೆ ಹುಡುಕೋದು?" ನಂಬರು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. "ಕಡತದ ಮ್ಯಾಲೆ ಬರೆದಿರ್ತೈತಿ" ಎಂದರು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಯಾರೋ ನಕಲು ವಿಭಾಗದ ಕಿಟಕಿಯ ಮುಂದೆ ನಿಂತೇ ಕಟ್ಟಿರಬೇಕು. ಯಾವ ವರ್ಷ ಎಂದು ಕೇಳಿದರು. ಅವ್ವನಿಗೆ ಗೊತ್ತಿದ್ದದ್ದು ಆಗ ಸರೋಜ ಅಂಬೆಗಾಲಿಡುತ್ತಿದ್ದಳು ಎಂಬುದಷ್ಟೇ. ಅಂಬೆಗಾಲು ಕೋರ್ಟಿನ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಗುಮಾಸ್ತರು, ದಾವೆ ಹಾಕಿದವರ ಊರಿನ ಪ್ರಕಾರ ಬರೆದಿಟ್ಟ ಹಳೆಯ ಪಟ್ಟಿಗಳಲ್ಲಿ ನೋಡಲು ಒಪ್ಪಿದರು. ಊರು ನಂದಿಗುಡಿ, ಹೆಸರು ಗಂಗಮ್ಮ, ಗಂಡನ ಹೆಸರು ಈರಪ್ಪ ಎಂದು ಬರೆದುಕೊಂಡು, "ನಾಳೆ ಬರ್ರಿ" ಎಂದರು. ನಾಳೆ ಹೋದರೆ, ನಂದಿಗುಡಿ ಹರಿಹರಕ್ಕೆ ಸೇರಿದ್ದು, ಅಲ್ಲಿನ ದಾವೆಗಳನ್ನು ಮುನ್ಸೀಫರು ಹರಿಹರದ ಕ್ಯಾಂಪಿನಲ್ಲೇ ನಡೆಸುತ್ತಿದ್ದರು, ಅಲ್ಲಿಗೆ ಹೋಗಿ ಎಂದರು. ರಜೆ ಹಾಕಿ ಹರಿಹರದ ರೈಲು ಹತ್ತಿದೆ. ಅಲ್ಲಿನವರು ಎರಡು ಕಪಾಟು ತೆಗೆದು ಧೂಳು ಕೊಡವಿ, ಹಳೆಯದೆಲ್ಲ ದಾವಣಗೆರೆಗೆ ಹೋಗಿದೆ ಎಂದರು. ಹರಿಹರೇಶ್ವರನ ಗುಡಿಗೆ ಹೋಗಿ ಕೈಮುಗಿದು ನಿಂತೆ. ಅರ್ಧ ಹರಿ, ಅರ್ಧ ಹರ. ನಮ್ಮ ದಾವೆಯೂ ಹೀಗೇ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿದೆಯೇನೋ ಎಂದು ದೇವರ ಮುಂದೆಯೇ ಸಿಟ್ಟು ಬಂತು. ದಾವಣಗೆರೆಗೆ ಮರಳಿ ಬಂದರೆ ಮತ್ತೆ "ನಾಳೆ ಬರ್ರಿ." ದಸರೆಯಿಂದ ದೀಪಾವಳಿಯವರೆಗೆ ನನ್ನ ಬದುಕು ಹೀಗೇ ಕಳೆಯಿತು. ಹೆಡ್‌ಮಾಸ್ತರರು ನನ್ನ ರಜೆಯ ಚೀಟಿ ಕಂಡರೆ ಮುಖ ತಿರುಗಿಸುತ್ತಿದ್ದರು.

ಈ "ನಾಳೆ ಬಾ" ಎಂಬ ಮಾತು ನನ್ನನ್ನು ಅಷ್ಟು ಉರಿಸಲು ಇನ್ನೊಂದು ಕಾರಣವಿತ್ತು. ನಮ್ಮ ಕೇರಿಯಲ್ಲಿ ಆಗ ಬಾಗಿಲ ಮೇಲೆ ಅದೇ ಎರಡು ಮಾತು ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟರೆ ಕತೆ ಮುಗಿಯಿತು. ಬಾಗಿಲ ಮೇಲಿನ ಬರಹ ಓದಿದರೆ ನಾಳೆ ಬಂದರಾಯಿತೆಂದು ಹಿಂತಿರುಗುತ್ತದೆ, ಅಂತ. ಅಕ್ಕ ಸತ್ತಾಗ ನೆರೆಯ ಹೆಂಗಸರು ಅವ್ವನ ಕಿವಿ ತುಂಬಿದ್ದರು: ಎಳೆಯ ಮಗಳನ್ನು ಬಿಟ್ಟು ಹೋದವಳು, ಕರೆಯಲು ಬಂದೇ ಬರುತ್ತಾಳೆ ಎಂದು. ಅವ್ವನಿಗೆ ಓದುಬರಹ ಬಾರದು. ಪಕ್ಕದ ಮನೆಯ ಬಾಗಿಲು ನೋಡಿ, ನನ್ನ ಚೀಲದಿಂದ ಸೀಮೆಸುಣ್ಣ ಕದ್ದು, ರಂಗೋಲಿ ಬಿಡಿಸಿದಂತೆ ಆ ಅಕ್ಷರ ಬಿಡಿಸುತ್ತಿದ್ದಳು. ಮಾಸಿದಾಗಲೆಲ್ಲ ತಿದ್ದುತ್ತಿದ್ದಳು. ಅವಳಿಗೆ ಬರೆಯಲು ಬರುತ್ತಿದ್ದದ್ದು ಅಷ್ಟೇ. ನಾನು ಎಷ್ಟೋ ಸಲ ರೇಗಿಸಿದ್ದೆ. "ದೆವ್ವಕ್ಕೆ ಓದೋಕೆ ಬರ್ತೈತೇನವ್ವ? ಯಾವ ಶಾಲಿಗೆ ಹೋಗಿತ್ತು?" ಎಂದರೆ, "ನಿನಗ ಮಕ್ಕಳಿಲ್ಲ, ಸುಮ್ನಿರು" ಎನ್ನುತ್ತಿದ್ದಳು.

ದೀಪಾವಳಿ ಕಳೆಯಿತು. ಗುರುವಾರ ಬಂತು. ಶಾಲೆಗೆ ಹೇಳದೆಯೇ ಕೋರ್ಟಿಗೆ ಹೋದೆ. ಮುನ್ಸೀಫರು ಹರಿಹರದ ಕ್ಯಾಂಪಿಗೆ ಹೋಗಿದ್ದರು. ಹೆಸರು ಕೂಗುವ ದಫೇದಾರನೂ ಅವರ ಜೊತೆ. ಕೋರ್ಟಿನ ಹಾಲಿಗೆ ಬೀಗ, ಅಂಗಳ ಬಣಬಣ. ಗುಮಾಸ್ತರು ಊಟಕ್ಕೆ ಎದ್ದಿದ್ದರು. ಜಗಲಿಯ ಮೇಲೆ ನಾನು, ಪಕ್ಕದಲ್ಲಿ ಸಣ್ಣ ಮೇಜು ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದ ರೆಹಮಾನ್ ಸಾಬರು. ಇಷ್ಟು ದಿನ ದಿನವೂ ನೋಡಿ ನೋಡಿ ಅವರಿಗೆ ನನ್ನ ಮೇಲೆ ಮರುಕ ಹುಟ್ಟಿತ್ತು. "ಕೂಡ್ರಿ ಅಕ್ಕೋರೇ, ನಿಂತ್ರೆ ಬೇಗ ಸಿಗ್ತೈತೇನು?" ಎಂದು ತಮ್ಮ ಚಾಪೆಯ ತುದಿ ಬಿಟ್ಟುಕೊಟ್ಟಿದ್ದರು. ಕೂತು, ಭಾನುವಾರ ಹಿರಿಯರ ಮುಂದೆ ಏನು ಹೇಳಲಿ, ಸರೋಜಳನ್ನು ಎಲ್ಲಿ ಬಚ್ಚಿಡಲಿ ಎಂದು ಯೋಚಿಸುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಸಿಟ್ಟು ಬಂದವರಿಗೆ ನಿದ್ದೆ ಬರುವುದಿಲ್ಲ.

ಆಗ ಕೋರ್ಟಿನ ಒಳಗಿನಿಂದ ಕೂಗು ಕೇಳಿಸಿತು. "ಶಾಮನೂರು ಮಲ್ಲಪ್ಪನ ಮಗಳು ಗಂಗಮ್ಮ, ಹಾಜರಿದಾಳಾ?"

ಕೋರ್ಟುಗಳಲ್ಲಿ ಎಲ್ಲರೂ ಕೇಳಿರುವ ಅದೇ ಎಳೆದ, ಒಣಗಿದ ಗಂಡು ದನಿ. ಅಕ್ಕನ ದನಿಯಲ್ಲ, ಪರಿಚಯದವರ ದನಿಯೂ ಅಲ್ಲ. ಯಾರೋ ಬೇರೆ ಗಂಗಮ್ಮ ಇರಬೇಕು ಎಂದುಕೊಂಡೆ. ಎರಡನೆಯ ಸಲ ಕೂಗಿತು, ಅಷ್ಟೇ ನಿಧಾನವಾಗಿ. ಶಾಮನೂರು, ಮಲ್ಲಪ್ಪನ ಮಗಳು. ಹಾಲಿಗೆ ಬೀಗ ಹಾಕಿದ್ದು ಆಗ ನೆನಪಾಯಿತು. ಆದರೆ ಅಷ್ಟು ದಿನ ಅಲೆದಿದ್ದೆನಲ್ಲ, ಭಯಕ್ಕಿಂತ ಇನ್ನೊಂದು ಯೋಚನೆ ಮುಂದೆ ಬಂತು: ಮೂರು ಸಲ ಕೂಗಿ, ಯಾರೂ ಬರದಿದ್ದರೆ ದಾವೆ ವಜಾ ಮಾಡುತ್ತಾರೆ. ಮೂರನೆಯ ಕೂಗು ಮುಗಿಯುವ ಮೊದಲೇ ಎದ್ದು ನಿಂತು, ಶಾಲೆಯ ಮೈದಾನದಲ್ಲಿ ಕೂಗುವ ದನಿಯಲ್ಲಿ "ಹಾಜರ್!" ಎಂದುಬಿಟ್ಟೆ.

ರೆಹಮಾನ್ ಸಾಬರ ಲೇಖನಿ ಕೆಳಗೆ ಬಿತ್ತು. "ಯಾರಿಗ್ರೀ ಹಾಜರ್ ಅಂದ್ರಿ? ಸಾಹೇಬ್ರು ಹರಿಹರದಾಗ ಅದಾರಲ್ರೀ" ಎಂದರು. ಕೂಗಿದ್ದು ಕೇಳಿಸಲಿಲ್ಲವೇ ಎಂದು ಕೇಳಿದೆ. ಅವರಿಗೆ ಕೇಳಿಸಿದ್ದು ನನ್ನ ದನಿ ಮಾತ್ರ. ಹಾಲಿನ ಬಾಗಿಲಿಗೆ ಹೋದೆ, ಬೀಗ ಇದ್ದಂತೆಯೇ ಇತ್ತು. ಕಿಟಕಿಯಲ್ಲಿ ಇಣುಕಿದೆ. ಬೆಂಚುಗಳು, ಕಟಕಟೆ, ಬರಿದಾದ ಕುರ್ಚಿ. ಸಾಬರು ತಮ್ಮ ಹೂಜಿಯ ನೀರು ಬಗ್ಗಿಸಿಕೊಟ್ಟು, "ಬಿಸಿಲು ಅಕ್ಕೋರೇ, ಮನಿಗೆ ನಡೀರಿ" ಎಂದರು.

ನಾನು ಮನೆಗೆ ಹೋಗಲಿಲ್ಲ. ನೀರು ಕುಡಿಯುವಾಗ ತಲೆಗೆ ಹೊಳೆಯಿತು. ಇಷ್ಟು ದಿನ ನಾವು ಹುಡುಕಿಸಿದ್ದು ನಂದಿಗುಡಿಯ ಗಂಗಮ್ಮನನ್ನು, ಈರಪ್ಪನ ಹೆಂಡತಿಯನ್ನು. ಕೂಗಿದ್ದು ಶಾಮನೂರಿನ ಗಂಗಮ್ಮನನ್ನು, ಮಲ್ಲಪ್ಪನ ಮಗಳನ್ನು. ಊಟದಿಂದ ಬಂದ ಗುಮಾಸ್ತರಿಗೆ ಹಾಗೇ ನೋಡಲು ಹೇಳಿದೆ.

"ಗಂಡನ ಹೆಸರಿಲ್ದ ಯಾವ ಹೆಣ್ಮಗಳು ದಾವೆ ಹಾಕ್ತಾಳ್ರೀ?" ಎಂದರು.

"ನಮ್ಮಕ್ಕ ಹಾಕ್ತಾಳೆ. ನೋಡ್ರಿ."

ಸಿಕ್ಕಿತು. ಶಾಮನೂರಿನವರ ಪಟ್ಟಿಯಲ್ಲಿ, ಅಲ್ಲೇ, ಅವರ ಬೆನ್ನ ಹಿಂದಿನ ಕಪಾಟಿನಲ್ಲಿ. ವಾದಿಯ ಹೆಸರು ಬರೆಸುವಾಗ ಅಕ್ಕ ಗಂಡನ ಹೆಸರನ್ನೂ ಅವನ ಊರನ್ನೂ ಹೇಳಲು ಒಪ್ಪಿರಲಿಲ್ಲ. ಅವಳ ಹಟ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮಗೆ ಅದು ಹೊಳೆಯದೆ ಇದ್ದದ್ದೇ ಆಶ್ಚರ್ಯ. ಗುಮಾಸ್ತರು ಧೂಳು ಒರೆಸುತ್ತ, "ಇದನ್ನ ಮೊದ್ಲೇ ಹೇಳಬಾರದಾ? ಸುಮ್ನೆ ನಮ್ಮ ಟೈಮ್ ಹಾಳು" ಎಂದರು. ನಾನು ನಕಲಿನ ಅರ್ಜಿ ಅವರ ಮುಂದಿಟ್ಟೆ. "ನಾಳೆ ಬರ್ರಿ" ಎಂದರು. ಆ ಒಂದು ಸಲ ಮಾತ್ರ ಅವರ ನಾಳೆ ನಿಜವಾಗಿಯೂ ಬಂತು. ಶುಕ್ರವಾರ ಸಂಜೆ ಮೊಹರು ಬಿದ್ದ ನಕಲು ನನ್ನ ಕೈಯಲ್ಲಿತ್ತು.

ಗುರುವಾರ ರಾತ್ರಿಯೇ ಅವ್ವನಿಗೆ ಹೇಳಿದ್ದೆ. ಕಾಣದ ದನಿಗೆ ಓಗೊಟ್ಟೆ ಎಂದು ಕೇಳಿ ಅವಳು ಉಪ್ಪಿನ ಮಡಕೆಗೆ ಕೈ ಹಾಕಿದಳು. ನಿವಾಳಿಸಲು ಉಪ್ಪು ಹಿಡಿದವಳು ಅಷ್ಟಕ್ಕೇ ನಿಂತು, "ಎಷ್ಟನೇ ಕೂಗಿಗೆ ಓ ಅಂದಿ?" ಎಂದು ಕೇಳಿದಳು. ಮೂರನೆಯದಕ್ಕೆ ಎಂದೆ. ಉಪ್ಪನ್ನು ಮಡಕೆಗೆ ವಾಪಸು ಹಾಕಿದಳು. "ದೆವ್ವ ಆದ್ರೆ ಮೂರನೇ ಸಲ ಕೂಗಂಗಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾನುವಾರ ಅವರೆಲ್ಲ ಬಂದರು. ನಾನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಈರಪ್ಪ ನಡುವೆ ಬಾಯಿ ಹಾಕಿ, "ನನ್ನ ಹೆಂಡ್ತಿ ದಾವೆದಾಗ ನನ್ನ ಹೆಸರೇ ಇಲ್ಲೇನು?" ಎಂದ. "ಐತಿ, ಪ್ರತಿವಾದಿ ಅಂತ ಕೆಳಗೈತಿ. ಮುಂದಿಂದೂ ಕೇಳು" ಎಂದೆ. ಹುಡುಗಿ ಇಲ್ಲೇ ಇರಲಿ ಎಂದು ಹಿರಿಯರು ತಲೆಯಾಡಿಸಿದರು. ಅವರು ಎದ್ದು ಹೋದ ಮೇಲೆ ಸರೋಜ ಅಡಿಗೆಮನೆಯ ಮೂಲೆಯಿಂದ ಹೊರಗೆ ಬಂದಳು.

ಆ ಕೂಗಿನ ಬಗ್ಗೆ ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ಎಂದೋ ಅಕ್ಕನ ಜೊತೆ ಕೋರ್ಟಿಗೆ ಹೋಗಿ ಕೇಳಿದ್ದು ಆ ಹೊತ್ತಿಗೆ ನೆನಪಾಗಿರಬಹುದೇ? ಅವ್ವನನ್ನು ಕೇಳಿದೆ. ದಾವೆ ನಡೆದಾಗ ನಾನು ಚಿತ್ರದುರ್ಗದಲ್ಲಿ ಮಾವನ ಮನೆಯಲ್ಲಿದ್ದು ಓದುತ್ತಿದ್ದೆನಂತೆ. ಸಿಟ್ಟಿನ ತಲೆಗೆ ಏನೇನೋ ಕೇಳಿಸುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಸಿಟ್ಟಿಗೆ ಸರಿಯಾದ ವಿಳಾಸ ಹೇಗೆ ಗೊತ್ತಾಯಿತು?

ಆ ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಒದ್ದೆ ಬಟ್ಟೆ ಹಿಡಿದು ಮುಂಬಾಗಿಲು ಒರೆಸುತ್ತಿದ್ದಳು. ಅಕ್ಷರಗಳು ಹೋದ ಮೇಲೂ ಒರೆಸುತ್ತಲೇ ಇದ್ದಳು. ಯಾಕವ್ವ ಎಂದೆ.

"ಕೋರ್ಟಿನವರು ನಿನ್ನ ಒಂದು ತಿಂಗಳು ತಿರುಗಿಸಿದ್ದಕ್ಕ ಅಷ್ಟು ಬೈದಿ. ನಾನು ನನ್ನ ಮಗಳನ್ನ ವರ್ಷಪೂರ್ತಿ ಬಾಗಿಲಾಗಿಂದ ತಿರುಗಿಸಿದೆನಲ್ಲೇ" ಎಂದಳು. "ಇನ್ನ ಯಾಕ ನಾಳೆ ಅನ್ನಲಿ? ಬರೋದಿದ್ರೆ ಇವತ್ತೇ ಬರ್ಲಿ."

ಆ ರಾತ್ರಿ ಅವ್ವ ಬಾಗಿಲಿಗೆ ಅಗಳಿ ಹಾಕದೆ ಮಲಗಿದಳು. ದೆವ್ವ ಭೂತ ನಂಬದ ನಾನು ಎದ್ದು ಹಾಕಬಹುದಿತ್ತು. ಹಾಕಲಿಲ್ಲ.